ಲಾಯರ್ ಸಾಹೇಬರ ಗಂಟಲು

ಇಪ್ಪತ್ತೆರಡು ವರ್ಷಗಳಿಂದ ಲಾಯರ್ ಸಾಹೇಬರು ಟೀವಿಯಲ್ಲಿ ಗೆದ್ದ ಒಂದೊಂದು ಕೇಸನ್ನೂ ನಿಜವಾಗಿ ಗೆದ್ದದ್ದು ತೆರೆಯ ಹಿಂದೆ ದನಿ ಕೊಡುವ ಒಬ್ಬನ ಗಂಟಲು. ಮುಖ ಸಾಹೇಬರದು, ಕರಿಕೋಟು ಸಾಹೇಬರದು, ಸಾಕ್ಷಿಯ ಕಡೆ ಚಾಚುವ ತೋರುಬೆರಳೂ ಅವರದೇ. ಆದರೆ "ಅವಸರವೇನಿಲ್ಲ, ನೆನಪು ಮಾಡಿಕೊಂಡು ಹೇಳಿ" ಎಂದು ಕೊಲೆಗಾರರ ಬೆವರಿಳಿಸುತ್ತಿದ್ದ ದನಿ ಇವನದು. ಸಾಹೇಬರ ಪಾತ್ರದ ನಟನ ಸ್ವಂತ ದನಿ ತೆಳು, ಮೂಗಿನಲ್ಲಿ ಹೊರಡುವಂಥದ್ದು. ಆ ದನಿಯಲ್ಲಿ ಕಾಫಿ ತರಿಸಬಹುದಿತ್ತು, ನ್ಯಾಯ ಕೇಳುವುದು ಕಷ್ಟ. ಧಾರಾವಾಹಿಯ ತಂಡದವರು ಇವನನ್ನು ಗಂಟಲಪ್ಪ ಎನ್ನುತ್ತಿದ್ದರು. ಹೊರಗಿನವರಿಗೆ ಇಂಥವನೊಬ್ಬ ಇದ್ದಾನೆಂಬುದೇ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಮಾತ್ರ ಟೀವಿಗೆ ಬೆನ್ನು ಹಾಕಿ ಕೂತು, ತರಕಾರಿ ಹೆಚ್ಚುತ್ತ, ಪ್ರತಿ ಕಂತನ್ನೂ ಕೇಳುತ್ತಿದ್ದಳು.

"ಆ ಮುಖ ನೋಡಿದ್ರೆ ನಿಮ್ಮ ಮಾತನ್ನ ಯಾರೋ ಕದ್ದ ಹಾಗಿರತ್ತೆ ಕಣ್ರೀ," ಎನ್ನುತ್ತಿದ್ದಳು.

ಈ ಸಲದ್ದು ಹೊರದೇಶದ ಕಂತು. ಅಷ್ಟು ವರ್ಷ ನಾಲ್ಕು ಹಲಗೆ ಗೋಡೆಯ ಕೋರ್ಟು ಬಿಟ್ಟು ಹೊರಬಾರದ ಲಾಯರ್ ಸಾಹೇಬರು ಈಗ ಹಡಗು, ವಿಮಾನ ಹತ್ತಿ ಪರದೇಶದ ನಿಜವಾದ ಕೋರ್ಟಿಗೆ ಬರುತ್ತಾರೆ. ಅಲ್ಲಿ ವಾದಿಸಲು ಅವರಿಗೆ ಅಧಿಕಾರವಿಲ್ಲ. ಕತೆಯುದ್ದಕ್ಕೂ ನೋಡಲು ಬಂದವರ ಬೆಂಚಿನ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತು, ಕಡೆಗೆ ತಡೆಯಲಾರದೆ ಎದ್ದು ನಿಂತು ಮಾತಾಡುತ್ತಾರೆ. ಆ ಮಾತನ್ನು ಅಲ್ಲಿಯ ತಂತ್ರಜ್ಞರು ನಟನ ಸ್ವಂತ ದನಿಯಲ್ಲೇ, ಸ್ಥಳದಲ್ಲೇ ಮುದ್ರಿಸಿಕೊಳ್ಳುತ್ತಾರೆ. ಅದಕ್ಕಾಗಿ ನಟ ಒಂದು ವರ್ಷ ಗುಟ್ಟಾಗಿ ಮೇಷ್ಟ್ರೊಬ್ಬರನ್ನು ಇಟ್ಟುಕೊಂಡು ದನಿ ಪಳಗಿಸಿದ್ದ.

ಹೊರಡುವ ಮುಂಚೆ ಅವನು ಗಂಟಲಪ್ಪನ ಹೆಗಲ ಮೇಲೆ ಕೈಹಾಕಿ ಹೇಳಿದ್ದ: "ಇನ್ಮೇಲೆ ನನ್ನ ಮಾತು ನಾನೇ ಆಡ್ತೀನಪ್ಪ. ನೀನೂ ಎಷ್ಟು ದಿನ ಅಂತ ದುಡೀತೀಯಾ? ಆರಾಮಾಗಿರು."

ಆದರೂ ಗಂಟಲಪ್ಪನನ್ನು ಕರೆತಂದರು. ನ್ಯಾಯಾಧೀಶನ ಪಾತ್ರದ ಆ ದೇಶದ ಮುದುಕನಿಗೆ ನಮ್ಮ ಭಾಷೆ ಬಾರದು, ಅವನಿಗೆ ದನಿ ಕೊಡಬೇಕಿತ್ತು. ನ್ಯಾಯಾಧೀಶನ ಬಹುಪಾಲು ಮಾತು ಒಂದೇ. "ಕೂತ್ಕೊಳ್ಳಿ."

ಹೆಗಲ ಮೇಲೆ ಆ ಕೈ ಬಿದ್ದ ದಿನದಿಂದ ಗಂಟಲಪ್ಪನಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗಿತ್ತು ಇಡೀ ಮೈ. ನಟನನ್ನು ಕೊಲ್ಲಬೇಕು ಎಂಬ ಯೋಚನೆ ಬಂದಾಗಲೂ ಎದೆ ಹೊಡೆದುಕೊಳ್ಳಲಿಲ್ಲ. ಗಂಟಲಿಗೆ ಕೆಲಸ ಹೋದ ಮೇಲೆ ತಾನು ಮೂರು ಹೊತ್ತು ಉಂಡು ಮಲಗುವ ಒಬ್ಬ ಮುದುಕ, ಇನ್ನೇನೂ ಅಲ್ಲ. ನಟ ಸತ್ತರೆ ಧಾರಾವಾಹಿಯೂ ನಿಲ್ಲುತ್ತದೆ, ನಿಜ. ಆದರೆ ಲಾಯರ್ ಸಾಹೇಬರು ಇವನ ದನಿಯಲ್ಲೇ ಉಳಿಯುತ್ತಾರೆ. ಅಷ್ಟು ಸಾಕಿತ್ತು.

ಕೊಲೆಗಾರರು ಹೇಗೆ ಸಿಕ್ಕಿಬೀಳುತ್ತಾರೆಂಬುದು ಅವನಿಗೆ ಬಾಯಿಪಾಠ. ಅವರನ್ನು ಹಿಡಿದವನೇ ಇವನು. ಕೆಲವರು ಬೇಡದ ಮಾತಾಡಿ ಸಿಕ್ಕರು, ಕೆಲವರು ಬೆರಳಚ್ಚು ಒರೆಸಲು ಹೋಗಿ ಕನ್ನಡಕ ಮರೆತರು. ಆದ್ದರಿಂದ ಇವನ ಯೋಜನೆಯಲ್ಲಿ ಆಯುಧವಿಲ್ಲ, ವಿಷವಿಲ್ಲ, ಜೊತೆಗಾರನಿಲ್ಲ. ಹೋಟೆಲಿನ ಹಿಂದೆ ನದಿಗೆ ಇಳಿಯುವ ಹಳೆಯ ಕಲ್ಲುಮೆಟ್ಟಿಲುಗಳಿದ್ದವು. ಪಾಚಿ ಕಟ್ಟಿದ್ದವು, ಬೇಲಿಯಿಲ್ಲ, ಕೆಳಗಿನ ಕಟ್ಟೆ ರಸ್ತೆಗೆ ಕಾಣದು. ಊಟವಾದ ಮೇಲೆ ನಟ ಅಲ್ಲಿ ಒಬ್ಬನೇ ತಿರುಗಾಡುತ್ತಿದ್ದ. ಅಲ್ಲಿಂದ ದನಿ ಮುದ್ರಿಸುವ ಸ್ಟುಡಿಯೋಗೆ ಆರು ನಿಮಿಷದ ದಾರಿ. ಎರಡೂವರೆಗೆ ಕೆಲಸ ಮುಗಿಸಿದರೆ ಮೂರಕ್ಕೆ ಮೈಕಿನ ಮುಂದೆ. ಚಳಿಯಲ್ಲಿ ಬಿದ್ದ ಹೆಣದ ಸಾವಿನ ಹೊತ್ತನ್ನು ಯಾವ ಡಾಕ್ಟರೂ ಕಡ್ಡಿ ಮುರಿದಂತೆ ಹೇಳಲಾರ. ಕೋರ್ಟಿನಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದನೋ, ಲೆಕ್ಕವಿಲ್ಲ.

ಉಳಿದದ್ದು ಒಂದು ಫೋನು. ಇಪ್ಪತ್ತೆರಡು ವರ್ಷ ಆ ತುಟಿಗಳ ಜೊತೆ ತುಟಿ ಕೂಡಿಸಿದವನಿಗೆ, ನಟನ ನಿಜವಾದ ತೆಳು ದನಿಯೂ ಕರಗತವಾಗಿತ್ತು. ಎಲ್ಲಿ ಮೂಗು ಸೇರುತ್ತದೆ, ಎಲ್ಲಿ ಉಸಿರು ಎಳೆಯುತ್ತಾನೆ, ಎಲ್ಲ ಗೊತ್ತು. ಜಗತ್ತಿನಲ್ಲಿ ಬೇರೆ ಯಾರಿಗೂ ಆಗದ ಕೆಲಸ. ಸ್ಟುಡಿಯೋದಲ್ಲಿ ಜನರ ನಡುವೆ ಇರುವಾಗ ಆ ದನಿಯಲ್ಲಿ ನಿರ್ದೇಶಕನಿಗೆ ಎರಡು ಮಾತು ಹೇಳಿದರೆ, ನಟ ನಾಲ್ಕು ಗಂಟೆಯವರೆಗೆ ಬದುಕಿದ್ದ ಹಾಗೆ.

ಐದನೆಯ ದಿನ ಬೆಳಿಗ್ಗೆ ನಿರ್ದೇಶಕ ಎಲ್ಲರಿಗೂ ಹೇಳಿಕಳಿಸಿದ: "ಇವತ್ತು ಚಿತ್ರೀಕರಣ ಇಲ್ಲ. ಬೆಳಕು ಸರಿಯಿಲ್ಲ." ಕಿಟಕಿ ಮುಚ್ಚಿ ದೀಪ ಹಾಕಿದ ಕೋರ್ಟಿಗೆ ಬೆಳಕಿನ ತಾಪತ್ರಯವೇನೋ ಎಂದು ಗಂಟಲಪ್ಪನಿಗೆ ನಗು ಬಂತು. ಹೋಗಲಿ, ಒಳ್ಳೆಯದೇ ಆಯಿತು.

ಎರಡೂ ಇಪ್ಪತ್ತಕ್ಕೆ ಮೆಟ್ಟಿಲ ನೆತ್ತಿಯ ಮೇಲೆ ನಟ ನಿಂತಿದ್ದ. ಕಿವಿಯವರೆಗೆ ಮಫ್ಲರು ಸುತ್ತಿದ್ದ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಗಂಟಲಪ್ಪನನ್ನು ಕಂಡದ್ದೇ ಅವನ ಮುಖ ಅರಳಿತು. ಎರಡು ಹೆಜ್ಜೆ ಮುಂದೆ ಬಂದು, ಕೋಟಿನ ಜೇಬಿಗೆ ಕೈಹಾಕಿದ. "ಹೇಗಿದ್ದೀಯಪ್ಪ" ಎಂಬ ಒಂದು ಮಾತಿಲ್ಲ. ಪಳಗಿಸಿದ ದನಿಯನ್ನು ನನ್ನಂಥವನ ಮೇಲೆ ಯಾಕೆ ಖರ್ಚು ಮಾಡುತ್ತಾನೆ ಅಂದುಕೊಂಡ ಗಂಟಲಪ್ಪ, ಎರಡೂ ಅಂಗೈ ಅವನ ಎದೆಗೆ ಒತ್ತಿ ನೂಕಿದ.

ನಟ ಕೂಗಲಿಲ್ಲ. ಕೂಗಿದರೆ ಏನು ಮಾಡಬೇಕೆಂದು ಇವನು ಮೂರು ದಿನ ತಲೆ ಕೆಡಿಸಿಕೊಂಡಿದ್ದ, ಅದರ ಅಗತ್ಯವೇ ಬೀಳಲಿಲ್ಲ. ಫ್ಲಾಸ್ಕು ಮಾತ್ರ ಟಣ್ ಟಣ್ ಎಂದು ಒಂದೊಂದೇ ಮೆಟ್ಟಿಲು ಇಳಿದು, ಕೆಳಗೆ ಅಲುಗದೆ ಬಿದ್ದಿದ್ದ ನಟನ ಪಕ್ಕ ನಿಂತಿತು. ಗಂಟಲಪ್ಪನಿಗೆ ದುಃಖವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಕೈ ತಣ್ಣಗಾಗಿದೆ ಎನ್ನಿಸಿ ಜೇಬಿಗೆ ಹಾಕಿಕೊಂಡ.

ಮೂರಕ್ಕೆ ಮೈಕಿನ ಮುಂದೆ ನಿಂತು ಹದಿನಾಲ್ಕು ಸಲ "ಕೂತ್ಕೊಳ್ಳಿ" ಎಂದ. ನಾಲ್ಕೂ ಹತ್ತಕ್ಕೆ ಎಲ್ಲರೂ ಚಹಾ ಸುರಿದುಕೊಳ್ಳುತ್ತಿದ್ದಾಗ, ಓಣಿಯಲ್ಲಿ ಕೋಟು ನೇತುಹಾಕುವ ಗೂಟಗಳ ಹಿಂದಿದ್ದ ಫೋನಿನಿಂದ ಹೋಟೆಲಿನಲ್ಲಿ ನಿರ್ದೇಶಕನ ಕೋಣೆಗೆ ಕರೆ ಮಾಡಿದ.

"ನಾನು ಕಣಯ್ಯ. ನದಿ ಕಡೆ ಹೋಗ್ತಿದ್ದೀನಿ. ಯಾರೂ ಹಿಂದೆ ಬರೋದು ಬೇಡ."

ಇಷ್ಟು ಹೇಳಿ ಇಟ್ಟುಬಿಟ್ಟ. ಉತ್ತರ ಕೇಳದೆ ಫೋನಿಡುವುದು ನಟನ ಹಳೆಯ ಚಾಳಿ. ತನ್ನ ವೃತ್ತಿಯಲ್ಲೇ ಅಷ್ಟು ಚೊಕ್ಕವಾಗಿ ಇನ್ನೊಬ್ಬನ ದನಿ ತೆಗೆದದ್ದಿಲ್ಲ ಎಂದುಕೊಂಡ. ಭೇಷ್ ಅನ್ನಲು ಯಾರೂ ಇಲ್ಲವಲ್ಲ ಎಂಬುದೊಂದೇ ಕೊರೆಯಿತು.

ಕತ್ತಲಾಗುವ ಮುಂಚೆ ನಾಯಿ ತಿರುಗಾಡಿಸಲು ಬಂದವರೊಬ್ಬರಿಗೆ ಹೆಣ ಸಿಕ್ಕಿತು. ಜಾರಿ ಬಿದ್ದರು ಎಂದು ಎಲ್ಲರೂ ಅತ್ತರು. ಗಂಟಲಪ್ಪ ಅಳಲು ನೋಡಿದ, ಬರಲಿಲ್ಲ. ಆಘಾತ ಪಾಪ ಎಂದು ಯಾರೋ ನೀರು ಕೊಟ್ಟರು.

ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ನಿರ್ದೇಶಕ ಬಂದ. ಜೊತೆಗೆ ಆ ದೇಶದ ಪೊಲೀಸ್ ಅಧಿಕಾರಿ, ಒಬ್ಬ ದುಭಾಷಿ. ನಿರ್ದೇಶಕನ ಕಣ್ಣು ಕೆಂಪಾಗಿತ್ತು, ಮಾತು ಮೆತ್ತಗಿತ್ತು. "ಇದು ಅವರ ಕೋಟಿನ ಜೇಬಲ್ಲಿತ್ತು. ನಿಮಗೇ ಬರೆದದ್ದು," ಎಂದು ಒಂದು ಮುದುಡಿದ ಚೀಟಿಯನ್ನು ಮೇಜಿನ ಮೇಲೆ ಹರಡಿದ. ನಟನ ಕೈಬರಹ: "ಸೋತೆ ಕಣಪ್ಪ. ಕಡೇ ಮಾತು ನೀನೇ ಆಡು. ಇನ್ನು ಮುಂದೆಯೂ ನೀನೇ." ಗಂಟಲಪ್ಪ ಎರಡು ಸಲ ಓದಿದ. ನಿರ್ದೇಶಕ ಮುಂದುವರಿಸಿದ: "ಮೊನ್ನೆ ಸಂಜೆ ಕೋರ್ಟಲ್ಲಿ ಎದ್ದು ನಿಂತು ಕಿರುಚೋ ದೃಶ್ಯಾನ ನನ್ನ ಕೋಣೇಲಿ ಅಭ್ಯಾಸ ಮಾಡ್ವಾಗ ಅವರ ಗಂಟಲೊಳಗೆ ನರ ಹರಿದು ರಕ್ತ ಬಂತು. ಆಮೇಲೆ ಅವರ ಬಾಯಿಂದ ಒಂದಕ್ಷರ ಹೊರಡ್ಲಿಲ್ಲ. ಪಿಸುಗುಟ್ಟೋಕೂ ಆಗ್ತಿರ್ಲಿಲ್ಲ, ಎಲ್ಲ ಚೀಟಿಯಲ್ಲೇ ಬರೀತಿದ್ರು. ಗೊತ್ತಿದ್ದದ್ದು ನನಗೆ, ಡಾಕ್ಟರಿಗೆ, ಇಬ್ಬರಿಗೇ. ನಿಮಗೆ ತಾವೇ ತಿಳಿಸ್ಬೇಕು ಅಂತಿದ್ರು." ಅಧಿಕಾರಿ ಕೋಟಿನ ಗೂಟಗಳ ಹಿಂದಿನ ಫೋನನ್ನೇ ನೋಡುತ್ತಿದ್ದ. "ಈಗ ಹೇಳಿ ಗಂಟಲಪ್ಪ," ಎಂದ ನಿರ್ದೇಶಕ, "ನಿನ್ನೆ ನಾಲ್ಕೂ ಹತ್ತಕ್ಕೆ ನನ್ನ ಹತ್ರ ಫೋನಲ್ಲಿ ಮಾತಾಡಿದ್ದು ಯಾರು?"