ಡಿಲೀಟ್ ಕೀ ಮೇಲಿನ ಸುಣ್ಣ

ಡಿಲೀಟ್ ಕೀ ಒತ್ತಿದ ನನ್ನ ಬೆರಳಿಗೆ ಸುಣ್ಣ ಅಂಟಿತು. ಇನ್ನೂ ಹಸಿಯಾಗಿತ್ತು.

ತೋಲ್ಪೆಟ್ಟಿಯ ದೇವಯ್ಯಣ್ಣನ ಫೋಟೋ ಸ್ಟುಡಿಯೋದ ಕಂಪ್ಯೂಟರನ್ನು ಅವರೂ ನಾನೂ ಸೇರಿ ಜೋಡಿಸಿದ್ದೆವು. ಬಿಡಿಭಾಗಗಳನ್ನು ಮಾನಂದವಾಡಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದೆವು. ಅಂದು ಅವರು ವೀಳ್ಯದೆಲೆಗೆ ಸುಣ್ಣ ಸವರಿದ ಬೆರಳಲ್ಲೇ, ಕಂಪ್ಯೂಟರ್ ಶುರುವಾಗುವಾಗ ಸೆಟ್ಟಿಂಗಿನ ಪುಟ ತೆರೆಯುವ ಈ ಕೀ ಒತ್ತಿ, ಡಿಸ್ಕಿನ ಸೆಟ್ಟಿಂಗನ್ನು ಐಡಿಇ ಎಂಬ ಹಳೆಯ ಬಗೆಗೆ ಇಟ್ಟು, "ಇದನ್ನ ಮುಟ್ಟಿದ್ಯೋ, ಕೈ ಮುರೀತೀನಿ ಕಣೋ" ಎಂದು ನಕ್ಕಿದ್ದರು.

ಅವರು ತೀರಿಕೊಂಡ ಮೇಲೆ ನಾನು ಹೊಸ ವಿಂಡೋಸ್ ಹಾಕಿದೆ. ಅದಕ್ಕೆ ಎಎಚ್‌ಸಿಐ ಎಂಬ ಹೊಸ ಬಗೆಯ ಸೆಟ್ಟಿಂಗ್ ಬೇಕು. ಸಂಜೆ ಹಾಗೆ ಬದಲಾಯಿಸಿ ಹೋದರೆ, ಬೆಳಿಗ್ಗೆ ಮತ್ತೆ ಐಡಿಇ, ವಿಂಡೋಸ್ ಏಳದೆ ಮತ್ತೆ ನೀಲಿ ಪರದೆ. ಸೆಟ್ಟಿಂಗುಗಳನ್ನು ನೆನಪಿಡುವ ಬೋರ್ಡಿನ ಸೆಲ್ ಹೊಸದು. ಗಡಿಯಾರ ಸರಿಯಾಗಿಯೇ ಓಡುತ್ತಿತ್ತು. ಅದೊಂದು ಸೆಟ್ಟಿಂಗ್ ಮಾತ್ರ ಹಿಂದಕ್ಕೆ ಹೋಗುತ್ತಿತ್ತು.

ಸ್ಟುಡಿಯೋದ ಬೀಗದ ಕೈ ಇದ್ದದ್ದು ದೇವಯ್ಯಣ್ಣನ ಹೆಂಡತಿ ಪುಟ್ಟಗೌರಮ್ಮನ ಬಳಿ ಮಾತ್ರ. ಅವರಿಗೆ ಎಲೆ ಹಾಕುವ ಅಭ್ಯಾಸವಿಲ್ಲ. ಮದುವೆಯೊಂದರ ಫೋಟೋಗಳು ತಡವಾಗಿದ್ದವು; ಸ್ಟುಡಿಯೋ ನಿಂತರೆ ಅವರ ಮನೆಯೂ ನಿಲ್ಲುತ್ತಿತ್ತು.

"ಅಕ್ಕಾ, ಬೇರೆ ಬೋರ್ಡ್ ಹಾಕ್ತೀನಿ. ದುಡ್ಡೇನೂ ಬೇಡ," ಎಂದು ಕೀ ಒರೆಸಲು ಬಟ್ಟೆ ತೆಗೆದೆ.

ಅವರು ಮಗನನ್ನು ತಡೆಯುವಂತೆ ನನ್ನ ಕೈ ಹಿಡಿದರು.

"ಒರೆಸ್ಬೇಡ ಮೋನೇ. ದಿನಾ ಬೆಳಿಗ್ಗೆ ನಾನೇ ಬದಲಾಯಿಸ್ತೀನಿ, ಹೇಗೇಂತ ಹೇಳ್ಕೊಡು. ಬೇರೆ ಬೋರ್ಡ್ ನಂಗೆ ಬೇಡ."