ಪ್ರಣೀತಾ ಬಂದ್…

ಯಾರಾದರೂ ಹತ್ತಿರ ಬಂದೊಡನೆ ಕೈಯಲ್ಲಿನ ಪರದೆಯನ್ನು ಆರಿಸಿ, ಏನೂ ಆಗಿಲ್ಲವೆಂಬಂತೆ ಮುಗುಳ್ನಗುವವರಲ್ಲಿ ನೀವೂ ಒಬ್ಬರಲ್ಲವೇ?

ಉತ್ತರವನ್ನು ನಿಮ್ಮ ಆತ್ಮಸಾಕ್ಷಿಗೆ ಹೇಳಿಕೊಳ್ಳಿ. ಆದರೆ ಆ ಕಪ್ಪು ಪರದೆಯ ಈಚೆ ನಿಂತವರ ಎದೆಯಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ಕೇಳಿ.

ಬುಧವಾರ, ಸಂಜೆ ನಾಲ್ಕು ಗಂಟೆ. ಪುಣೆಯ ಹಿಂಜವಾಡಿಯ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಪ್ರಣೀತಾ ಎರಡು ಲೋಟ ಚಹಾ ಹಿಡಿದು ಪ್ರಣವನ ಮೇಜಿನತ್ತ ನಡೆದಳು. ಇನ್ನೂ ಮೂರು ಹೆಜ್ಜೆ ಬಾಕಿ ಇರುವಾಗಲೇ... ಅವನ ಲ್ಯಾಪ್‌ಟಾಪಿನ ಪರದೆ ಫಕ್ಕನೆ ಆರಿಹೋಯಿತು!

"ನಾ ಬಂದ್ರ ನಿಮ್ಮ ಕಂಪ್ಯೂಟರಿಗೆ ಏನಾಗ್ತದ್ರಿ?" ನಗುತ್ತಲೇ ಕೇಳಿದಳು.

"ಏನಿಲ್ರಿ... ಸೆಟ್ಟಿಂಗ್ ಹಂಗ ಅದ." ಪ್ರಣವನ ಕಿವಿ ಕೆಂಪಾಯಿತು.

ಪಕ್ಕದ ಮೇಜಿನ ಸಂಜು ಬಿಟ್ಟಾನೆಯೇ? "ಕಾಯ್ ಲಪವತೋಸ್ ರೇ? ಲಗ್ನಾಚ್ಯಾ ಆಧೀಚ್?" ಎಂದು ಮರಾಠಿಯಲ್ಲಿ ಕಾಲೆಳೆದ. ಮದುವೆಗೆ ಮುಂಚೆಯೇ ಏನು ಬಚ್ಚಿಡುತ್ತಿದ್ದೀಯೋ ಎಂಬ ಆ ಚೇಷ್ಟೆಗೆ ಪ್ರಣವ ನಕ್ಕ. ಪ್ರಣೀತಾ ನಗಲಿಲ್ಲ.

ಧಾರವಾಡದಿಂದ ಬಂದು ಪುಣೆಯ ಕೋಥರೂಡದಲ್ಲಿ ನೆಲೆಸಿದ ಮನೆತನದ ಮಗಳು ಆಕೆ. ಅವನು ಬೆಳಗಾವಿಯವನು. ಆರು ತಿಂಗಳ ಹಿಂದೆ ಕಂಪನಿಯ ಕಾರಿನಲ್ಲಿ ಆಕೆ ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಗ, ಹಿಂದಿನ ಸೀಟಿನಿಂದ "ನಮ್ಮ ಕಡೆಯವರೇನ್ರಿ?" ಎಂದು ಕೇಳಿ ಪರಿಚಯವಾದವನು. ಈಗ ರವಿವಾರ ಅವನ ಮನೆಯವರು ಮದುವೆಯ ಮಾತು ಮುಗಿಸಲು ಬರುವವರಿದ್ದರು. ಅಷ್ಟರೊಳಗೆ ಪ್ರಣೀತಾ ಹೂಂ ಎನ್ನಬೇಕಿತ್ತು, ಇಲ್ಲವೇ ಉಹೂಂ.

ಪ್ರಣವನಿಗೊಂದು ಹುಚ್ಚಿತ್ತು. ಕಂಪ್ಯೂಟರಿಗೆ ನಿಯಮಗಳನ್ನು ಬರೆದಿಡುವುದು. ಕಚೇರಿಯ ವೈಫೈ ಸಿಕ್ಕೊಡನೆ ಅದರ ಸದ್ದು ತಾನೇ ಅಡಗುತ್ತಿತ್ತು. ಮನೆಯ ದೊಡ್ಡ ಪರದೆಗೆ ಜೋಡಿಸಿದರೆ ಅಕ್ಷರಗಳು ಹಿಗ್ಗುತ್ತಿದ್ದವು. ಸಂಜೆ ಏಳಾದರೆ ಕಚೇರಿಯ ಮೇಲ್ ಮುಚ್ಚಿಕೊಳ್ಳುತ್ತಿತ್ತು. ಯಾವ ಊರು, ಯಾವ ಹೊತ್ತು, ಹತ್ತಿರ ಯಾವ ಸಾಧನ ಎಂಬುದನ್ನೆಲ್ಲ ತಿಳಿದು ಆ ಯಂತ್ರ ನಡೆದುಕೊಳ್ಳುತ್ತಿತ್ತು.

ಹಾಗಾದರೆ ನಾನು ಬಂದಾಗ ಆರಬೇಕೆಂದೂ ಅದಕ್ಕೆ ಹೇಳಿಕೊಟ್ಟಿದ್ದಾನೆಯೇ?

ಗುರುವಾರ ಪ್ರಣೀತಾ ಫೋನನ್ನು ತನ್ನ ಮೇಜಿನ ಮೇಲೆ ಚಾರ್ಜಿಗೆ ಹಾಕಿ ಬಂದಳು. ಪ್ರಣವ ಸ್ಥಳದಲ್ಲಿರಲಿಲ್ಲ. ಪರದೆ ಮಾತ್ರ ಉರಿಯುತ್ತಿತ್ತು. ಅದರಲ್ಲಿ ಅವನ ನಿಯಮಗಳ ಪಟ್ಟಿ, ಕನ್ನಡದಲ್ಲಿ!

ಪರರ ಪರದೆಯಲ್ಲಿ ಇಣುಕುವುದು ಸಭ್ಯರಿಗೆ ತಕ್ಕುದಲ್ಲ. ಆಕೆಗದು ಗೊತ್ತಿತ್ತು. ಆದರೂ ಇಣುಕಿದಳು.

'ಪ್ರಣೀತಾ ಬಂದ್...' ಅದರ ಮುಂದೆ: 'ಪರದೆ ಆರಿಸು.'

ಬಂದ್! ರಸ್ತೆ ಬಂದ್, ಅಂಗಡಿ ಬಂದ್... ಪುಣೆಯಲ್ಲಿ ಮುಚ್ಚಿದ ಕದಗಳ ಮೇಲೆಲ್ಲ ಓದಿದ ಆ ಪದ ಈಗ ತನ್ನ ಹೆಸರಿನ ಪಕ್ಕದಲ್ಲಿ!

ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅವ್ವಾ, ರವಿವಾರ ಅವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಿಬಿಡು."

ತಾಯಿ ಪ್ರಫುಲ್ಲಾ ಒಲೆ ಸಣ್ಣ ಮಾಡಿದರು. "ಯಾಕವಾ? ಏನ್ ಮಾಡಿದ ಹುಡುಗ?"

"ನಾ ಹತ್ರ ಹೋದ್ರ ಎಲ್ಲಾ ಮುಚ್ಚಿಡ್ತಾನ. ನನ್ನ ಹೆಸರಿನ ಮುಂದ ಬಂದ್ ಅಂತ ಬರದಾನ!"

"ಕೇಳಿದೇನು ಅವನ್ನ?"

"ಕೇಳೋದೇನದ? ಕಣ್ಣಾರೆ ನೋಡೇನಿ."

"ನೋಡಿದ್ದು ನಿನ್ನ ಕಣ್ಣು, ಬರದದ್ದು ಅವನ ಕೈ. ಬ್ಯಾಡ ಅನ್ನೋದಿದ್ರ ಅವನ ಮಾರಿ ನೋಡಿ ಅಂದು ಬಾ. ನಿನ್ನ ಸಿಟ್ಟಿಗೆ ನಾ ಫೋನ್ ಹಚ್ಚಂಗಿಲ್ಲ."

ಶುಕ್ರವಾರ ನಾಲ್ಕು ಗಂಟೆಗೆ ಪ್ರಣೀತಾ ಚಹಾ ಇಲ್ಲದೆ, ಫೋನಷ್ಟೇ ಹಿಡಿದು ಹೋದಳು. ಪರದೆ ಆರಿತು.

"ನೋಡ್ರಿ, ಮತ್ತ ಆರಿತು! ರವಿವಾರ ನಿಮ್ಮ ಮನಿಯವರು ಬರೋದು ಬ್ಯಾಡ. ನನ್ನ ಬಂದ್ ಮಾಡಿದವರ ಮನಿಗೆ ನಾ ಬರಂಗಿಲ್ಲ."

"ಬಂದ್? ಯಾರ್ರಿ ಬಂದ್ ಮಾಡ್ಯಾರ?"

"ನಿನ್ನೆ ನಿಮ್ಮ ಪಟ್ಟಿ ಓದೇನಿ. ಓದಿದ್ದು ತಪ್ಪು, ಒಪ್ಪಿಕೋತೀನಿ. ಪ್ರಣೀತಾ ಬಂದ್ ಅಂತ ಬರದೀರಿ. ಇಲ್ಲ ಅನ್ನಬ್ಯಾಡ್ರಿ!"

ಪ್ರಣವ ಆಕೆಯನ್ನೇ ನೋಡಿದ. ಬಳಿಕ ಮೆಲ್ಲನೆ, "ನಿಮ್ಮ ಫೋನ್ ಒಂದ್ ನಿಮಿಷ ಆಫ್ ಮಾಡ್ರಿ," ಎಂದ.

ಆಕೆ ಆಫ್ ಮಾಡಿದಳು. ಪರದೆ ಬೆಳಗಿತು! ಅವನು ನಿಯಮಗಳ ಪಟ್ಟಿ ತೆರೆದು, ಇಕ್ಕಟ್ಟಾಗಿದ್ದ ಅಂಕಣದ ಗೆರೆಯನ್ನು ಹಿಡಿದು ಬಲಕ್ಕೆ ಎಳೆದ. ಮರೆಯಾಗಿದ್ದ ಅಕ್ಷರಗಳು ಒಂದೊಂದಾಗಿ ಹೊರಬಂದವು.

'ಪ್ರಣೀತಾ ಬಂದ್ ಮ್ಯಾಲ.'

ಬಂದ ಮೇಲೆ!

ಕೆಳಗೆ ಇನ್ನೂ ಸಾಲುಗಳಿದ್ದವು. ಸದ್ದು ಅಡಗಿಸು. ಯಾರು ಕರೆದರೂ ಅರ್ಧ ತಾಸು ಸಿಗಂಗಿಲ್ಲ ಅನ್ನು.

"ಫೋಟೊ ಹಾಕ್ಕೊಡುವಾಗ ನಿಮ್ಮ ಫೋನ್ ಇದಕ್ಕ ಜೋಡಿಸಿದ್ವಲ್ರಿ? ಅದು ಹತ್ರ ಬಂದ್ರ ಇದಕ್ಕ ತಿಳೀತದ."

"ಆದ್ರ... ಯಾಕ?"

"ನೀವ ಅಂದಿದ್ರಿ... ನೀವು ಮಾತಾಡಿದ್ರ ಎಲ್ಲಾರೂ ಮೊಬೈಲ್ ನೋಡ್ಕೋತ ಹೂಂ ಅಂತಾರ, ಅದು ಭಾಳ ಚುಚ್ಚತದ ಅಂತ. ನನ್ನ ಕಣ್ಣೂ ಪರದೆ ಕಡೆ ಓಡ್ತಾವ್ರಿ. ನನ್ನ ಮ್ಯಾಲ ನನಗ ನಂಬಿಕಿ ಇರಲಿಲ್ಲ."

ಪ್ರಣೀತಾಳ ಕಣ್ಣು ತುಂಬಿ ಬಂತು. ಅರ್ಧ ಓದಿ ಇಡೀ ಮನುಷ್ಯನನ್ನೇ ತಳ್ಳಿಹಾಕಿದೆನಲ್ಲ! ನಾಚಿಕೆಯಾಯಿತು. ಆದರೆ ನಾಚಿಕೆಯ ಹಿಂದೆಯೇ ನ್ಯಾಯವಾದ ಸಿಟ್ಟೂ ಬಂತು.

"ಕಂಪ್ಯೂಟರಿಗೆ ಹೇಳಿದ್ರಿ. ನನಗ್ಯಾಕ ಹೇಳಲಿಲ್ಲ?"

"ಅದಕ್ಕ ಹೇಳೋದು ಹಗೂರ ಇತ್ರಿ. ಅದು ತಿರುಗಿ ಯಾಕ ಅನ್ನಂಗಿಲ್ಲ."

ಎಂಥ ಅನ್ಯಾಯ ನೋಡಿ! ಯಂತ್ರಕ್ಕೆ ಸಾಲು ಸಾಲಾಗಿ ತಿಳಿಸಿದ ಪ್ರೀತಿಯನ್ನು, ಚಹಾ ಹಿಡಿದು ನಿಂತ ಜೀವಕ್ಕೆ ಒಂದೇ ಒಂದು ವಾಕ್ಯದಲ್ಲಿ ತಿಳಿಸಲು ಅವನಿಗೆ ಧೈರ್ಯ ಬರಲಿಲ್ಲ. ಒಳ್ಳೆಯತನವಾದರೂ ಮೂಕವಾಗಿದ್ದರೆ ಅದು ಎದುರಿನವರಿಗೆ ಅವಮಾನದಂತೆಯೇ ಕಾಣುತ್ತದೆ.

"ಈಗ ಬಾಯಿಲೆ ಹೇಳ್ರಿ," ಎಂದಳು.

"ಇಲ್ಲೇ? ಸಂಜು ಬರ್ತಾನ್ರಿ..."

"ಬರಲಿ!"

ಪ್ರಣವ ಎದ್ದು ನಿಂತ. "ಪ್ರಣೀತಾ... ನೀವು ಮಾತಾಡುವಾಗ ಬ್ಯಾರೆ ಯಾವ ಸದ್ದೂ ಬ್ಯಾಡ ಅನಸ್ತದ. ನಿಮ್ಮ ಮಾತು ಕೇಳ್ಕೋತ ಇರಬೇಕಂತ ಭಾಳ ಆಸೆ ಅದ. ಜನ್ಮಪೂರ್ತಿ."

ಆಕೆ ಕಣ್ಣೊರೆಸಿಕೊಂಡಳು. "ರವಿವಾರ ಲಗೂನ ಬರ್ರಿ. ನಮ್ಮವ್ವಗ ಹೂಂ ಅಂತ ಹೇಳ್ತೀನಿ."

"ಖರೇನ?"

"ಖರೇ. ಈಗ ಅಂದದ್ದು ಇನ್ನೊಮ್ಮೆ ಅನ್ರಿ."

"ದಿನಾ ಅನ್ನಲೇನು?"

"ದಿನಾ ಅನ್ರಿ. ಆದ್ರ ಅದಕ್ಕೂ ಟೈಮ್ ಹಚ್ಚಿ ಇಡಬ್ಯಾಡ್ರಿ. ನೆನಪಾದಾಗ ಅನ್ರಿ!"

ಓದುಗರೇ, ನಿಮ್ಮವರಿಗಾಗಿ ನೀವೂ ಸದ್ದಿಲ್ಲದೆ ಏನಾದರೂ ಮಾಡುತ್ತಿರಬಹುದು. ಯಾಕೆ ಮಾಡುತ್ತೀರಿ ಎಂಬುದು ಅವರಿಗೆ ಇನ್ನೂ ತಿಳಿದಿರಲಿಕ್ಕಿಲ್ಲ. ಅವರು ಪಕ್ಕದ ಕೋಣೆಯಲ್ಲೇ ಇರಬಹುದು. ದಯವಿಟ್ಟು ಈಗಲೇ ಎದ್ದು ಹೋಗಿ. ಬಾಯಿಬಿಟ್ಟು ಹೇಳಿ.