ಗುಳಿಗೆ ವಾಪಸ್ ಕಳಿಸಿ ಎಂದ ಮೇಲ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಐಟಿ ಮ್ಯಾನೇಜರ್ ರವಿಕಿರಣ ಸೈಬರ್ ಕ್ರೈಂ ಠಾಣೆಗೆ ಬಂದು ದೂರು ಕೊಟ್ಟರು. ಶನಿವಾರ ಸಂಜೆ ಕಂಪನಿಯ ಹೆಸರಿನಲ್ಲಿ ಹೈದರಾಬಾದಿನ ಔಷಧ ಅಂಗಡಿಗಳಿಗೆ ಒಂದು ಸುಳ್ಳು ಇ-ಮೇಲ್ ಹೋಗಿತ್ತು. ತಮ್ಮ ಫಿಟ್ಸ್ ಗುಳಿಗೆಯಲ್ಲಿ ದೋಷ ಕಂಡಿದೆ, ಮಾರಾಟ ನಿಲ್ಲಿಸಿ, ಇದ್ದಬದ್ದ ದಾಸ್ತಾನನ್ನೆಲ್ಲ ವಾಪಸ್ ಕಳಿಸಿ ಎಂದು ಅದರಲ್ಲಿತ್ತು.

ರವಿಕಿರಣ ಬೆಂಗಳೂರಿನವರು. ಇನ್‌ಸ್ಪೆಕ್ಟರ್ ಚಂದ್ರಕಾಂತ ನಾರಾಯಣಪೇಟೆ ಕಡೆಯವರು, ಮನೆಮಾತು ಕನ್ನಡ. ತೆಲುಗಿನಲ್ಲಿ ಶುರುವಾದ ಮಾತು ಬೇಗನೆ ಕನ್ನಡಕ್ಕೆ ತಿರುಗಿತು.

"ನಿಮ್ಮ ಸರ್ವರ್ ಹ್ಯಾಕ್ ಆಗೇದೇನು?"

"ಇಲ್ಲ ಸರ್. ಮೇಲ್ ನಮ್ಮ ಸರ್ವರಿಂದ ಹೋಗೇ ಇಲ್ಲ. ಹೊರಗಿಂದ ಯಾರೋ ನಮ್ಮ ವಿಳಾಸ ಹಾಕಿ ಕಳಿಸಿದ್ದಾರೆ."

"ಅದನ್ನ ತಡಿಯೋ ವ್ಯವಸ್ಥಾ ಇರ್ತದಲ್ಲ?"

ರವಿಕಿರಣ ಕನ್ನಡಕ ತೆಗೆದು ಒರೆಸಿಕೊಂಡರು. "ಇರುತ್ತೆ. ನಾವು ಪೂರ್ತಿ ಹಾಕಿರಲಿಲ್ಲ."

ತನ್ನ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅಧಿಕಾರವಿದೆ ಎಂಬುದನ್ನು ಕಂಪನಿ ಮೊದಲೇ ಪ್ರಕಟಿಸಿಡಬಹುದು. ಹೊರಡುವ ಪ್ರತಿ ಮೇಲ್‌ಗೂ ಡಿಜಿಟಲ್ ಸಹಿ ಹಾಕಬಹುದು. ಇವು ತಾಳೆಯಾಗದ ಮೇಲ್ ಬಂದರೆ ಏನು ಮಾಡಬೇಕೆಂದು ಪಡೆಯುವ ಸರ್ವರ್‌ಗೆ ಸೂಚನೆಯನ್ನೂ ಕೊಡಬಹುದು. ಈ ಕಂಪನಿ ಕೊಟ್ಟಿದ್ದ ಸೂಚನೆ ಇಷ್ಟೇ: ಏನೂ ಮಾಡಬೇಡಿ, ತಲುಪಿಸಿಬಿಡಿ.

ಐಟಿ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಚಂದ್ರಕಾಂತ, ಕಾನ್‌ಸ್ಟೇಬಲ್ ಶಿವದೇವಿಯ ಜೊತೆ ಕಾಚಿಗೂಡದ ಒಂದು ಔಷಧ ಅಂಗಡಿಗೆ ಹೋದರು. ಇಬ್ಬರು ಪಂಚರ ಎದುರು ಅಲ್ಲಿನ ಕಂಪ್ಯೂಟರಿನಿಂದ ಮೇಲನ್ನು ತೆಗೆದು ಪಂಚನಾಮೆ ಬರೆಯತೊಡಗಿದರು. ಮೇಲ್ ಬಂದ ದಾರಿಯನ್ನು ದಾಖಲಿಸುವ ತಲೆಬರಹದಲ್ಲಿ ಎಲ್ಲ ಸ್ಪಷ್ಟವಿತ್ತು. ಕಳಿಸಿದ ಸರ್ವರ್‌ಗೆ ಅಧಿಕಾರವಿಲ್ಲ, ಸಹಿ ಇಲ್ಲ, ಪರಿಶೀಲನೆ ವಿಫಲ. ಆದರೂ ಅದು ಸ್ಪ್ಯಾಮ್‌ಗೆ ಹೋಗದೆ ನೇರ ಇನ್‌ಬಾಕ್ಸ್‌ನಲ್ಲಿ ಕೂತಿತ್ತು.

"ಕಂಪನಿಗೆ ಫೋನ್ ಮಾಡಲಿಲ್ಲೇನ್ರಿ?" ಶಿವದೇವಿ ಕೇಳಿದಳು.

"ಶನಿವಾರ ಸಂಜಿಮುಂದ ಯಾರು ಎತ್ತತಾರವ್ವ?" ಎಂದರು ಅಂಗಡಿಯ ಮಾಲೀಕ ಹಣಮಂತರಾಯ. "ದೋಷ ಐತಿ ಅಂದಮ್ಯಾಲ ಮಂದಿಗಿ ಕೊಡಾಕಾಗ್ತೈತೇನು? ಇದ್ದದ್ದೆಲ್ಲಾ ಡಿಪೋಕ್ಕ ಕಳಿಸಿಬಿಟ್ಟೆ."

"ಅದು ಸುಳ್ಳು ಅಂತ ಕಂಪನಿ ಇವತ್ತು ಮುಂಜಾನೆ ಮೇಲ್ ಹಾಕೇದಲ್ಲ?" ಚಂದ್ರಕಾಂತ ಕೇಳಿದರು.

"ಬಂದೈತ್ರಿ. ಅದ ವಿಳಾಸ, ಅದ ಲಾಂಛನ. ಎರಡರಾಗ ಖರೇದು ಯಾವುದಂತ ನಾ ಹ್ಯಾಂಗ ಹೇಳ್ಲಿ?"

ಆಗಲೇ ಒಬ್ಬ ಹೆಂಗಸು ಕೌಂಟರಿಗೆ ಬಂದಳು. ಸೀರೆಯ ಅಂಚಿಗೆ ಸಿಮೆಂಟು ಮೆತ್ತಿತ್ತು.

"ಅಣ್ಣಾ, ಗುಳಿಗಿ ಬಂದಾವೇನ್ರಿ? ನಿನ್ನಿಲಿಂದ ತಿರಗ್ಯಾಡಾಕತ್ತೀನಿ. ನಾಕು ಅಂಗಡ್ಯಾಗ ಇಲ್ಲ ಅಂದ್ರು."

"ಇನ್ನಾ ಇಲ್ಲ ಗಂಗಾಬಾಯಿ. ಡಾಕ್ಟರ್ ಬರದದ್ದು ಬಿಟ್ಟು ಬ್ಯಾರೇದು ಕೊಡಾಕ ಬರಂಗಿಲ್ಲ."

ಹೆಂಗಸು ಚಿತ್ತಾಪುರದ ಕಡೆಯವಳು. ಗಂಡ ಕಾಶಿನಾಥ ಕಟ್ಟಡಗಳ ಸೆಂಟ್ರಿಂಗ್ ಕೆಲಸಗಾರ. ಗುಳಿಗೆ ತಪ್ಪಿದರೆ ಅವನಿಗೆ ಫಿಟ್ಸ್ ಬರುತ್ತಿತ್ತು.

"ನಾಳಿಗಿ ಬರ್ತಾವ ಅವ್ವ," ಎಂದರು ಚಂದ್ರಕಾಂತ, ಪಂಚನಾಮೆಯಿಂದ ಅರ್ಧ ತಲೆಯೆತ್ತಿ. ಗಂಡನನ್ನು ಎತ್ತರ ಹತ್ತಲು ಬಿಡಬೇಡ, ಸರ್ಕಾರಿ ದವಾಖಾನೆಗೆ ಕರೆದೊಯ್ಯಿ ಎಂದೂ ಹೇಳಬಹುದಿತ್ತು. ಆ ಕ್ಷಣ ಅವರ ಲಕ್ಷ್ಯವೆಲ್ಲ ಪಂಚರ ಸಹಿ ಹಾಕಿಸುವುದರಲ್ಲಿತ್ತು.

ಮಂಗಳವಾರ ಮಧ್ಯಾಹ್ನ ಹಣಮಂತರಾಯರ ಫೋನ್ ಬಂತು.

"ಸಾಹೇಬ್ರ, ಆ ಹೆಣ್ಮಗಳ ಗಂಡ ಹೋದ. ಮೂರನೇ ಮಾಳಿಗ್ಯಾಗ ಕಬ್ಬಿಣದ ಸಳಿ ಕಟ್ಟಾಕತ್ತಾಗ ಫಿಟ್ಸ್ ಬಂದು ಕೆಳಗ ಬಿದ್ನಂತ."

ಗುಳಿಗೆಗಳು ಅಂಗಡಿಗೆ ಬಂದದ್ದು ಅದೇ ದಿನ ಸಂಜೆ.

ಆ ಮೇಲ್ ಕಳಿಸಿದ ಸರ್ವರನ್ನು ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಗೆ ಚಂದ್ರಕಾಂತ ಬರೆದಿದ್ದ ಪತ್ರಕ್ಕೆ ಗುರುವಾರ ಉತ್ತರ ಬಂತು. ಶಿವದೇವಿ ಅದನ್ನು ಓದಿ ಬೆರಗಾದಳು.

"ಸರ್, ಅಸಲಿ ಹೆಸರು, ಅಸಲಿ ಫೋನ್ ನಂಬರ್. ಅಡಗಿಕೊಳ್ಳಾಕ ನೋಡೇ ಇಲ್ಲ ಇವ. ಋಷಭ್ ಅಂತ, ತಾರ್ನಾಕದಾಗ ಮನಿ."

ಚಂದ್ರಕಾಂತ ರವಿಕಿರಣರಿಗೆ ಫೋನ್ ಮಾಡಿದರು.

"ಋಷಭ್ ಯಾರು?"

"ನಮ್ಮ ಮೇಲ್ ಸರ್ವರ್ ನೋಡ್ಕೋತಿದ್ದ ಸರ್. ಹೋದ ತಿಂಗಳು ಕೆಲಸ ಬಿಟ್ಟ."

"ಯಾಕ?"

"ತಾಳೆಯಾಗದ ಮೇಲ್‌ಗಳನ್ನ ತಿರಸ್ಕರಿಸೋ ಸೂಚನೆ ಹಾಕೋಣ ಅಂತ ಪ್ರತಿ ಮೀಟಿಂಗಲ್ಲೂ ಹೇಳ್ತಿದ್ದ. ನಮ್ಮ ಜಾಹೀರಾತು ಮೇಲ್‌ಗಳೂ ನಿಂತು ಹೋಗ್ತವೆ ಅಂತ ಮಾರಾಟದವರು ಬೇಡ ಅಂದ್ರು. ನಾನೂ ಬೇಡ ಅಂದೆ. ಕೊನೇ ಸಲ ಎಲ್ಲರೂ ನಕ್ಕುಬಿಟ್ಟರು."

ಶುಕ್ರವಾರ ಬೆಳಿಗ್ಗೆ ಚಂದ್ರಕಾಂತ, ಶಿವದೇವಿ ಇಬ್ಬರೂ ತಾರ್ನಾಕದ ಫ್ಲಾಟಿಗೆ ಹೋದರು. ಬಾಗಿಲು ತೆರೆದ ಋಷಭ್ ಕಾರ್ಕಳದವನು, ತೆಳ್ಳಗಿನ ಯುವಕ. ಪೊಲೀಸರನ್ನು ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ.

"ಬರ್ತೀರಿ ಅಂತ ಗೊತ್ತಿತ್ತು ಸರ್. ತಡೆ ಹಾಕಿದ್ರಾ ಅವರು?"

"ಸೋಮವಾರ ಸಂಜಿನ ಹಾಕ್ಯಾರ. ಮೇಲ್ ಕಳಿಸಿದ್ದು ನೀವ?"

"ಹೌದು. ಅಂಗಡಿಯವರು ಫೋನ್ ಮಾಡ್ತಾರೆ, ಅರ್ಧ ಗಂಟೆಯಲ್ಲಿ ಸುಳ್ಳು ಅಂತ ಗೊತ್ತಾಗ್ತದೆ, ಇವರಿಗೆ ನಾಚಿಕೆ ಆಗ್ತದೆ ಅಂದ್ಕೊಂಡೆ. ಅಷ್ಟೇ."

"ಶನಿವಾರ ಸಂಜಿ ಆಫೀಸಿನಾಗ ಯಾರೂ ಇರಲಿಲ್ಲ."

ಅವನು ಕೆಳಗೆ ನೋಡಿದ. "ಅದು ನನ್ನ ತಲೆಗೇ ಬರಲಿಲ್ಲ."

"ಫಿಟ್ಸ್ ಗುಳಿಗೀನ ಯಾಕ?"

"ಸಣ್ಣ ವಿಷಯ ಆದ್ರೆ ಯಾರೂ ಕಿವಿಗೆ ಹಾಕ್ಕೊಳ್ಳೋದಿಲ್ಲ ಸರ್."

ಚಂದ್ರಕಾಂತ ಕಾಶಿನಾಥನ ಸಾವನ್ನು ಹೇಳಿದರು.

"ಹೆಸರು ಏನಂದ್ರಿ?" ಋಷಭ್ ಕೇಳಿದ.

"ಕಾಶಿನಾಥ."

ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೊಮ್ಮೆ ಹೆಸರು ಕೇಳಿದ. ಚಂದ್ರಕಾಂತ ಮತ್ತೊಮ್ಮೆ ಹೇಳಿದರು. ಲ್ಯಾಪ್‌ಟಾಪ್ ವಶಪಡಿಸಿಕೊಂಡು, ಬಂಧನದ ಕಾರಣ ಓದಿ ಹೇಳಿ, ಅವನನ್ನು ಜೀಪಿಗೆ ಹತ್ತಿಸಿದರು.

ಅಜಾಗರೂಕತೆಯಿಂದಾದ ಸಾವಿನ ಕಲಮನ್ನೂ ಪ್ರಕರಣಕ್ಕೆ ಸೇರಿಸಬೇಕೆಂದು ಚಂದ್ರಕಾಂತ ನ್ಯಾಯಾಲಯಕ್ಕೆ ಬರೆದರು. ಹೊಸ ತಡೆಯಿಂದ ಕಂಪನಿಯ ಜಾಹೀರಾತು ಮೇಲ್‌ಗಳು ಎರಡು ದಿನ ನಿಂತಿದ್ದು, ಸರ್ವರ್‌ಗಳ ಪಟ್ಟಿ ಸರಿಪಡಿಸಿದ ಮೇಲೆ ಎಂದಿನಂತೆ ಹೋಗತೊಡಗಿದವು.

ಮುಂದಿನ ವಾರ ಗಂಗಾಬಾಯಿ ಹೇಳಿಕೆ ಕೊಡಲು ಬಂದಳು. ಶಿವದೇವಿ ಬರೆದುಕೊಂಡದ್ದನ್ನು ಓದಿ ಹೇಳಿದಳು. ಇ-ಮೇಲ್ ಅಂದರೇನು, ಆ ಹುಡುಗ ಮಾಡಿದ್ದೇನು ಎಂದು ತಿಳಿಸಿದಳು. ಕೇಳಿ ಮುಗಿದ ಮೇಲೆ ಗಂಗಾಬಾಯಿ ಚಂದ್ರಕಾಂತರತ್ತ ತಿರುಗಿದಳು.

"ನಮ್ಮ ಗುರ್ತು ಇತ್ತೇನ್ರಿ ಅವಗ?"

"ಇಲ್ಲವ್ವ," ಎಂದರು ಚಂದ್ರಕಾಂತ.

"ಮತ್ತ ಸಿಟ್ಟು ಯಾರ ಮ್ಯಾಲಿತ್ತು?"

"ಅವನ ಮಾತು ಕೇಳದೇ ಇದ್ದವರ ಮ್ಯಾಲ."

"ಅವರೆಲ್ಲಾ ಆರಾಮ ಅದಾರಲ್ರಿ," ಎಂದಳು ಗಂಗಾಬಾಯಿ.

ಆಕೆಗೆ ಸಂಜೆಯ ರೈಲಿಗೆ ಊರಿಗೆ ಹೊರಡುವುದಿತ್ತು. ಸೆರಗು ಹೊದ್ದು ಎದ್ದಳು.